ಓದದ ಪುಸ್ತಕದ ಕಾವಲುಗಾರರು

ಕಾದಂಬರಿಯೊಂದು ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಬೀದಿಯ ಹಿರಿಯರೊಬ್ಬರ ರಕ್ತದೊತ್ತಡ ಏರುತ್ತದೆ. ಚಿತ್ರದ ಮುಹೂರ್ತಕ್ಕೆ ತೆಂಗಿನಕಾಯಿ ಒಡೆಯುವ ಮೊದಲೇ ‘ಮೂಲಕ್ಕೆ ಧಕ್ಕೆ ತಂದರೆ ಸಹಿಸುವುದಿಲ್ಲ’ ಎಂಬ ಅವರ ಕಾಗದ ಪತ್ರಿಕೆಗೆ ಹೋಗಿರುತ್ತದೆ.

ಅವರ ಬ್ರಹ್ಮಾಸ್ತ್ರ ‘ನಾಗರಹಾವು’. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದೇ ಚಿತ್ರದೊಳಗೆ ಇಳಿಸಿದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಸಿಡುಕಿದ್ದು ಜಗಜ್ಜಾಹೀರು. ಹೆತ್ತವರ ಸಿಟ್ಟು, ಅದಕ್ಕೆ ಬೆಲೆಯಿದೆ. ಆದರೆ ನಮ್ಮ ಹಿರಿಯರು ಅದನ್ನೂ ಎರವಲು ತಂದುಕೊಂಡಿದ್ದಾರೆ.

‘ಉಳಿದೆರಡು ಕಾದಂಬರಿಗಳು ಯಾವುವು?’ ಎಂದು ಒಮ್ಮೆ ಕೇಳಿಬಿಟ್ಟೆ.

ಲೋಟದ ಕಾಫಿಗೆ ಕೆನೆ ಕಟ್ಟುವಷ್ಟು ಹೊತ್ತು ಯೋಚಿಸಿದರು. ‘ಅದೇ... ಅಲಮೇಲುವಿನದೊಂದು, ಮಾರ್ಗರೆಟ್‌ಳದೊಂದು.’

‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂದು ಹೇಳಿ ಅವರ ಕಾಫಿ ಕೆಡಿಸುವ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವರು ಚಾಮಯ್ಯ ಮೇಷ್ಟರನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು. ‘ಅಶ್ವತ್ಥ್ ಅವರಿಗೆಂದೇ ಎಷ್ಟು ಚೆನ್ನಾಗಿ ಬರೆದಿದ್ದಾರೆ ತ.ರಾ.ಸು.!’ ಎಂದರು. ಲೇಖಕರು ಕೇರೆ ಎಂದು ಬೈದ ಹಾವಿಗೇ ಇವರು ಐವತ್ತು ವರ್ಷಗಳಿಂದ ಹಾಲೆರೆಯುತ್ತಿದ್ದಾರೆ.

ಇವರು ಹತ್ತನೆಯ ಶತಮಾನದಲ್ಲಿ ಹುಟ್ಟದಿದ್ದುದು ಕನ್ನಡದ ಪುಣ್ಯ. ಪಂಪ ಮಾಡಿದ್ದೇನು? ವ್ಯಾಸರ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಯುದ್ಧ ಮುಗಿದ ಮೇಲೆ ಪಟ್ಟವನ್ನೂ ಧರ್ಮರಾಯನ ತಲೆ ದಾಟಿಸಿ ಅವನಿಗೇ ಕಟ್ಟಿಸಿದ. ಏಕೆಂದರೆ ಅರ್ಜುನನೆಂದರೆ ಅರಿಕೇಸರಿ, ಅಂದರೆ ಸಂಬಳ ಕೊಡುವ ದೊರೆ. ನಿರ್ಮಾಪಕರಿಗಾಗಿ ನಾಯಕನ ಪಾತ್ರವನ್ನು ಹಿಗ್ಗಿಸುವ ವಿದ್ಯೆ ಗಾಂಧಿನಗರದಲ್ಲಿ ಹುಟ್ಟಿದ್ದಲ್ಲ.

ಮೂಲದ ಜಾಡು ಹಿಡಿದು ಹೋದವರಿಗಾದರೂ ಹಾರ ಬಿತ್ತೇ? ಅನಂತಮೂರ್ತಿಯವರ ‘ಸಂಸ್ಕಾರ’ 1965ರಿಂದ ಪುಸ್ತಕವಾಗಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದೇ ಕಥೆ 1970ರಲ್ಲಿ ಚಿತ್ರವಾದಾಗ ಸೆನ್ಸಾರಿನವರು ಬೆಚ್ಚಿಬಿದ್ದು ತಡೆ ಹಾಕಿದರು. ಆಮೇಲೆ ಅದಕ್ಕೇ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು.

ಮೊನ್ನೆ ಹೊಸ ಚಿತ್ರವೊಂದಕ್ಕೆ ಇಬ್ಬರೂ ಹೋಗಿದ್ದೆವು. ಮಧ್ಯಂತರದಲ್ಲಿಯೇ ಅವರು ‘ದ್ರೋಹ!’ ಎಂದು ಘೋಷಿಸಿದರು. ಯಾವ ಅಧ್ಯಾಯಕ್ಕೆ ಎಂದು ಕೇಳಿದ್ದಕ್ಕೆ, ಮನೆಗೆ ಬನ್ನಿ, ಪುಸ್ತಕವನ್ನೇ ತೋರಿಸುತ್ತೇನೆ ಎಂದರು. ಹೋದೆ. ಗಾಜಿನ ಕಪಾಟಿನ ಬೀಗದ ಕೈ ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು. ಪುಸ್ತಕಕ್ಕೆ ಸುತ್ತಿದ ಜರಿಯ ರಿಬ್ಬನ್ ಬಿಚ್ಚಿರಲಿಲ್ಲ. ಅದರಡಿಯಲ್ಲಿ ‘ವಧೂವರರಿಗೆ ಶುಭಾಶಯಗಳು’ ಎಂಬ ಚೀಟಿ. ಮದುವೆಯಾದ ಮಗಳಿಗೆ ಈಗ ಕಾಲೇಜಿಗೆ ಹೋಗುವ ಮಗನಿದ್ದಾನೆ.

ನಾನೇ ಗಂಟು ಬಿಚ್ಚಿ ಕೊನೆಯ ಪುಟ ತಿರುವತೊಡಗಿದೆ. ಅವರು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು.

‘ದಯವಿಟ್ಟು ಕೊನೆಯನ್ನು ಹೇಳಬೇಡಿ. ಓದಬೇಕೆಂದಿದ್ದೇನೆ.’