ಸೈಕಲ್ ಪಥ ಆಮೇಲೆ ಮಾಡಿ, ಮೊದಲು ವೇಗ ಇಳಿಸಿ

ಶಿವಮೊಗ್ಗದಲ್ಲಿ ಮಧ್ಯವಯಸ್ಸಿನ ನೌಕರನೊಬ್ಬ ಸೈಕಲ್ ಮೇಲೆ ಕಂಡರೆ ಜನ ಎರಡೇ ಕಾರಣ ಊಹಿಸುತ್ತಾರೆ. ಒಂದೋ ಡಾಕ್ಟರು ಹೆದರಿಸಿದ್ದಾರೆ, ಇಲ್ಲವೇ ಗಾಡಿ ಗ್ಯಾರೇಜಿನಲ್ಲಿದೆ. "ಏನು ಸಾರ್, ಶುಗರ್ ಬಂದಿದೆಯಾ?" ಎಂದು ಗೋಪಿ ವೃತ್ತದಲ್ಲಿ ಸ್ಕೂಟರ್ ಮೇಲೆ ಕುಳಿತೇ ವಿಚಾರಿಸಿದವರಿದ್ದಾರೆ. ಸುಮ್ಮನೆ ಕಚೇರಿಗೆ ಹೊರಟಿದ್ದೇನೆ ಎಂದರೆ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುತ್ತದೆ.

ಮಲೆನಾಡಿನ ಹೆಬ್ಬಾಗಿಲು ಎಂಬ ಹೆಸರಿದ್ದರೂ ನಮ್ಮ ಊರಿನೊಳಗೆ ಹೇಳಿಕೊಳ್ಳುವಂಥ ಏರುಗಳಿಲ್ಲ. ನಿಜವಾದ ಏರಿಳಿತ ಬೇಕಾದವರು ಗಾಜನೂರು ದಾಟಿ ತೀರ್ಥಹಳ್ಳಿ ಕಡೆಗೆ ಹೋಗಬೇಕು. ಊರೊಳಗೆ ಏದುಸಿರು ಬರಿಸುವುದು ರೈಲ್ವೆ ಹಳಿಯ ಮೇಲೆ ಕಟ್ಟಿದ ಮೇಲ್ಸೇತುವೆಗಳು ಮಾತ್ರ. ಗೋಪಾಳದಿಂದ ಗೋಪಿ ವೃತ್ತಕ್ಕೆ ಆರಾಮಾಗಿ ತುಳಿದರೂ ಇಪ್ಪತ್ತು ನಿಮಿಷ ಸಾಕು. ಸಂಜೆ ಆರರ ಹೊತ್ತಿಗೆ ದುರ್ಗಿಗುಡಿಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಸುತ್ತುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಸೈಕಲ್ ತುಳಿಯುವವರು ಈಗ ಎಲ್ಲಿದ್ದಾರೆ ಎಂದು ಕೇಳುವವರು ಬೆಳಗಿನ ಜಾವ ಒಮ್ಮೆ ಬಿ.ಎಚ್. ರಸ್ತೆಯಲ್ಲಿ ನಿಂತು ನೋಡಬೇಕು. ಹ್ಯಾಂಡಲ್ಲಿಗೆ ಬುತ್ತಿಯ ಚೀಲ, ಕ್ಯಾರಿಯರ್ ಮೇಲೆ ಸಿಮೆಂಟು ಒಣಗಿ ಅಂಟಿದ ಬಾಂಡ್ಲಿ, ಅದರೊಳಗೆ ಕರಣೆ. ಗಾರೆ ಕೆಲಸದವರು ಸುತ್ತಲಿನ ಹಳ್ಳಿಗಳಿಂದ ಹಾಗೆಯೇ ಬರುತ್ತಾರೆ. ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರೂ ಸೈಕಲ್ಲಿನಲ್ಲೇ ಇರುತ್ತಾರೆ. ಜೂನ್ 3ರ ವಿಶ್ವ ಬೈಸಿಕಲ್ ದಿನದ ಜಾಥಾಕ್ಕೆ ಮಾತ್ರ ಇವರನ್ನು ಯಾರೂ ಕರೆಯುವುದಿಲ್ಲ. ಅಲ್ಲಿಗೆ ಬರುವ ಸೈಕಲ್ಲುಗಳಲ್ಲಿ ಕೆಲವು ಕಾರಿನ ಮೇಲೆ ಹೇರಿಕೊಂಡು ಬಂದವು!

ಸ್ಮಾರ್ಟ್ ಸಿಟಿ ಪಟ್ಟಿಗೆ ನಮ್ಮ ಊರು ಸೇರಿದ್ದು 2016ರಲ್ಲಿ. ಅಂದಿನಿಂದ ಸೈಕಲ್ ಎಂದ ಕೂಡಲೇ ಮಾತು ಪಥದ ಕಡೆಗೆ ತಿರುಗುತ್ತದೆ. ಪಥ ಬೇಡ ಎನ್ನುವುದಿಲ್ಲ. ಆದರೆ ರಸ್ತೆಯಂಚಿನಲ್ಲಿ ಬಣ್ಣ ಬಳಿದ ಪಟ್ಟಿಯನ್ನು ಕಾರಿನವರು ತಮಗೆಂದೇ ಮಾಡಿಕೊಟ್ಟ ನಿಲುಗಡೆ ಜಾಗ ಎಂದುಕೊಳ್ಳುತ್ತಾರೆ. ನಿಂತ ಕಾರುಗಳ ಪಕ್ಕದಲ್ಲೇ ಸಾಗುವಾಗ ಒಂದೊಂದರ ಹಿಂದಿನ ಗಾಜಿನಲ್ಲೂ ಒಳಗೆ ತಲೆ ಕಾಣುತ್ತದೆಯೇ ಎಂದು ನೋಡುವ ಅಭ್ಯಾಸ ನನಗಾಗಿದೆ. ತಲೆ ಇದ್ದರೆ ಬಾಗಿಲು ತೆರೆಯಬಹುದು. ತೆರೆದ ಬಾಗಿಲನ್ನು ತಪ್ಪಿಸಿಕೊಳ್ಳಲು ಬಲಕ್ಕೆ ಎಳೆದರೆ ಹಿಂದೆ ಬಸ್ಸು. ಎಡಕ್ಕೆ ಸರಿದುಕೊಳ್ಳೋಣವೆಂದರೆ ನಮ್ಮ ಬಡಾವಣೆಯ ರಸ್ತೆಯಲ್ಲಿ ಮಳೆನೀರಿನ ಚರಂಡಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಸರಳುಗಳೆಲ್ಲ ರಸ್ತೆಯುದ್ದಕ್ಕೆ. ಸೈಕಲ್ಲಿನ ತೆಳು ಟೈರು ಆ ಸಂದಿಗೆ ಸರಿಯಾಗಿ ಕೂರುತ್ತದೆ. ಸರಳುಗಳನ್ನು ಅಡ್ಡಡ್ಡಕ್ಕೆ ಬೆಸೆಯಲು ಕಾಸು ಹೆಚ್ಚು ಬೇಕಿರಲಿಲ್ಲ, ಬೆಸೆದವರು ಒಂದು ದಿನ ಸೈಕಲ್ ತುಳಿದಿದ್ದರೆ ಸಾಕಿತ್ತು.

ಇವೆಲ್ಲಕ್ಕಿಂತ ಹೆಚ್ಚು ಹೆದರಿಸುವುದು ವೇಗ. 2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ನಗರ ವ್ಯಾಪ್ತಿಯ ರಸ್ತೆಯಲ್ಲಿ ಕಾರಿಗೆ ಗಂಟೆಗೆ 70 ಕಿ.ಮೀ. ವರೆಗೆ ಅವಕಾಶವಿದೆ, ಬೈಕಿಗೆ 60. ಅದಕ್ಕಿಂತ ಕಡಿಮೆ ಮಿತಿ ಹಾಕಲು ಮೋಟಾರು ವಾಹನ ಕಾಯ್ದೆಯ 112ನೇ ಕಲಂ ರಾಜ್ಯಕ್ಕೆ ಅಧಿಕಾರ ಕೊಟ್ಟೇ ಇದೆ. ಸ್ಪೇನ್ ದೇಶ 2021ರಲ್ಲಿ, ಒಂದೊಂದು ದಿಕ್ಕಿಗೆ ಒಂದೇ ಸಾಲಿನಲ್ಲಿ ವಾಹನ ಸಾಗುವ ನಗರದ ರಸ್ತೆಗಳಿಗೆಲ್ಲ 30ರ ಮಿತಿ ಹಾಕಿತು. ವೇಗ 30ರಿಂದ 50ಕ್ಕೆ ಏರಿದರೆ ಗುದ್ದುವ ವಾಹನದಲ್ಲಿರುವ ಶಕ್ತಿ ಹತ್ತಿರ ಹತ್ತಿರ ಮೂರು ಪಟ್ಟಾಗುತ್ತದೆ, ಹೈಸ್ಕೂಲಿನ ಭೌತಶಾಸ್ತ್ರವೇ ಇದನ್ನು ಹೇಳುತ್ತದೆ. ಕಾರಿನವರಿಗೆ ಆಗುವ ನಷ್ಟವೆಷ್ಟು? ನಾಲ್ಕು ಕಿಲೋಮೀಟರಿಗೆ ಮೂರು ನಿಮಿಷ, ಅದೂ ದಾರಿ ಪೂರ್ತಿ ಖಾಲಿಯಿದ್ದರೆ. ಗಾಂಧಿ ಬಜಾರಿನಲ್ಲಿ ಹೇಗೂ ಯಾರೂ 30 ಮುಟ್ಟುವುದಿಲ್ಲ. ನನ್ನ ತಕರಾರು ಸವಳಂಗ ರಸ್ತೆಯಂಥ, ವಿನೋಬನಗರದ ನೂರು ಅಡಿ ರಸ್ತೆಯಂಥ ಅಗಲದ ದಾರಿಗಳದ್ದು. ಅಲ್ಲಿ ಜಾಗ ಸಿಕ್ಕಿತೆಂದರೆ ಕಾಲು ತಾನಾಗಿಯೇ ಆಕ್ಸಿಲೇಟರ್ ಒತ್ತುತ್ತದೆ.

"ರಸ್ತೆ ತೆರಿಗೆ ಕಟ್ಟುವವರು ನಾವು, ನೀವು ಅಂಚಿನಲ್ಲಿ ಹೋಗಿ" ಎನ್ನುವವರಿಗೂ ಒಂದು ಮಾತು ಹೇಳಬೇಕು. ಮನೆ ಕಂದಾಯ ನಾನೂ ಕಟ್ಟುತ್ತೇನೆ, ನಮ್ಮ ಓಣಿಗಳ ರಸ್ತೆಗೆ ಆ ದುಡ್ಡೂ ಹೋಗುತ್ತದೆ. ಹಿಂದೆ ಸೈಕಲ್ಲಿಗೂ ತೆರಿಗೆಯಿತ್ತು. ಕಟ್ಟಿದವರು ಬಿಲ್ಲೆಯೊಂದನ್ನು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಬೇಕಿತ್ತು, ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಆ ಬಿಲ್ಲೆ ತೋರಿಸಿ ರಸ್ತೆ ಬಿಡಿ ಎಂದು ಯಾರಾದರೂ ಗದರಿದ್ದುಂಟೇ?

ಮಕ್ಕಳ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಆಗ ಹಣಕಾಸು ಖಾತೆ ಇದ್ದದ್ದು ನಮ್ಮದೇ ಜಿಲ್ಲೆಯ ಶಿಕಾರಿಪುರದ ಯಡಿಯೂರಪ್ಪನವರ ಬಳಿ. ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ, ಜಡೆ ಹಾರಿಸಿಕೊಂಡು ಶಾಲೆಗೆ ಹೋಗುವುದು ಈ ಭಾಗದ ಎಲ್ಲ ರಸ್ತೆಗಳಲ್ಲೂ ಕಾಣುತ್ತಿತ್ತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ನಗರದಲ್ಲಂತೂ ಸೈಕಲ್ ಇದ್ದರೂ ಕಳುಹಿಸುವ ಧೈರ್ಯ ತಾಯ್ತಂದೆಯರಿಗೆ ಇಲ್ಲ. ನನ್ನ ತಂಗಿಯೂ ಮಗಳನ್ನು ಕಾರಿನಲ್ಲೇ ಬಿಟ್ಟು ಬರುತ್ತಾಳೆ. "ಅಣ್ಣಾ, ಶಾಲೆಯ ಮುಂದಿನ ಕಾರುಗಳನ್ನು ನೋಡಿದರೆ ಅವಳನ್ನು ಸೈಕಲ್ಲಿನಲ್ಲಿ ಕಳುಹಿಸಲು ಭಯವಾಗುತ್ತದೆ" ಎನ್ನುತ್ತಾಳೆ. ಆ ಸಾಲಿನಲ್ಲಿ ಅವಳ ಕಾರೂ ಇರುತ್ತದೆ. ಅವಳನ್ನು ಬೈದು ಏನು ಪ್ರಯೋಜನ? ಅವಳ ಭಯ ಸುಳ್ಳಲ್ಲ.

ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಆರಿದ್ರಾ ಮಳೆಯ ತನಕ ರೇನ್‌ಕೋಟ್ ಸಾಕು. ಪುನರ್ವಸು, ಪುಷ್ಯ ಹಿಡಿದುಕೊಂಡವೆಂದರೆ ರಿಮ್ ನೆನೆದು ಬ್ರೇಕ್ ರಬ್ಬರ್ ಜಾರುತ್ತದೆ, ನಿಲ್ಲಬೇಕಾದ ಕಡೆ ಸೈಕಲ್ ನಿಲ್ಲುವುದಿಲ್ಲ. ಅಂಥ ದಿನ ಬಸ್ಸು ಹತ್ತುತ್ತೇನೆ. ಇದೇ ಹಟ ಎಂದು ನಾನು ಹಿಡಿದಿಲ್ಲ, ನೀವೂ ಹಿಡಿಯಬೇಡಿ. ಕಾರು ಮಾರಿ ಎಂದೂ ಹೇಳುತ್ತಿಲ್ಲ. ಶಾಲೆ, ಆಸ್ಪತ್ರೆ, ಮಾರುಕಟ್ಟೆ ಇರುವ ರಸ್ತೆಗಳಿಂದಲೇ 30ರ ಫಲಕ ಶುರುವಾಗಲಿ. ಫಲಕ ನೆಟ್ಟವರು ವಾರಕ್ಕೆರಡು ದಿನವಾದರೂ ವೇಗ ಅಳೆಯುವ ಯಂತ್ರ ಹಿಡಿದು ಅದರ ಪಕ್ಕದಲ್ಲಿ ನಿಲ್ಲಲಿ.