66ನೇ ನಂಬರು ಮತ್ತು ಚಿಕ್ಕಪ್ಪನ ಕಬ್ಬು

ಜೆರ್ಸಿ ತಗೊಳ್ಳಿ, ಬೇಡ ಅನ್ನೋದಿಲ್ಲ. ಬೆನ್ನ ಮೇಲೆ ಆಟಗಾರನ ಹೆಸರು ಮಾತ್ರ ಹಾಕಿಸಬೇಡಿ. ಕ್ಲಬ್ಬು ಇದ್ದಲ್ಲೇ ಇರುತ್ತದೆ. ಆಟಗಾರ ಯಾವತ್ತು ಗಂಟುಮೂಟೆ ಕಟ್ಟುತ್ತಾನೆ ಅನ್ನೋದು ಅವನಿಗೆ, ಅವನ ಏಜೆಂಟನಿಗೆ ಬಿಟ್ಟರೆ ದೇವರಿಗೇ ಗೊತ್ತು. ನನ್ನ ಚಿಕ್ಕಮ್ಮನ ಮಗನಿಗೆ ಇದನ್ನು ಮೊದಲೇ ಹೇಳಿದ್ದೆ. "ಸುಮ್ನಿರಣ್ಣ, ಇವನು ಅದೇ ಊರಿನ ಹುಡುಗ, ಎಲ್ಲೂ ಹೋಗಲ್ಲ" ಅಂದ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಲಿವರ್‌ಪೂಲ್‌ನ ಕೆಂಪು ಜೆರ್ಸಿ ತರಿಸಿದ. ಹಿಂದೆ 66. ಅದರ ಮೇಲೆ ಅಲೆಕ್ಸಾಂಡರ್-ಅರ್ನಾಲ್ಡ್ ಅಂತ ಇಂಗ್ಲಿಷ್ ಅಕ್ಷರಗಳು ಈ ಹೆಗಲಿನಿಂದ ಆ ಹೆಗಲಿನವರೆಗೆ. ಅಂಗಡಿಯವನು ಒಂದೊಂದು ಅಕ್ಷರಕ್ಕೂ ಇಷ್ಟಿಷ್ಟು ಅಂತ ದುಡ್ಡು ತಗೊಂಡ. ಅಭಿಮಾನ ಇಡುವಾಗ ಸ್ವಲ್ಪ ಚಿಕ್ಕ ಹೆಸರಿನವನನ್ನು ನೋಡಿಕೊಳ್ಳೋದು ಜಾಣತನ.

2025ರ ಮೇ 5ರಂದು ಆ ಹುಡುಗ, ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್, ಕ್ಲಬ್ ಬಿಡುತ್ತೇನೆ ಅಂತ ಹೇಳಿಯೇಬಿಟ್ಟ. ಹೋಗೋದು ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ಅಂತ ಎಲ್ಲರಿಗೂ ಗೊತ್ತಿತ್ತು. ನನ್ನ ಈ ತಮ್ಮ ಜೆರ್ಸಿಯನ್ನು ಹಿತ್ತಲಿಗೆ ತಂದು ಬೆಂಕಿಪೊಟ್ಟಣ ಹುಡುಕತೊಡಗಿದ. ಮಂಡ್ಯದ ಪಕ್ಕದ ಹಳ್ಳಿಯ ಮನೆ ಅದು. ಅಲ್ಲಿ ಒಳ್ಳೇ ಬಟ್ಟೆ ಸುಡೋದನ್ನು ಯಾರೂ ನೋಡಿಕೊಂಡು ಸುಮ್ಮನಿರೋದಿಲ್ಲ. ಚಿಕ್ಕಮ್ಮ ಕಿತ್ಕೊಂಡರು. ಎರಡಾಗಿ ಹರಿದು ಅಡುಗೆಮನೆಯ ಮಸಿಬಟ್ಟೆ ಮಾಡಿದರು.

ಈ ಜೆರ್ಸಿಗಳು ಹತ್ತಿಯವಲ್ಲ, ಪಾಲಿಯೆಸ್ಟರ್ ಅನ್ನೋದು ಆ ಗಲಾಟೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ರಾತ್ರಿ ಮುದ್ದೆ ಪಾತ್ರೆಯನ್ನು ಒಲೆಯಿಂದ ಇಳಿಸಿದಾಗ ಬಟ್ಟೆ ಚುರ್ ಅಂದಿತು. ಅರ್ನಾಲ್ಡ್‌ನ ಕೊನೆಯ ಎರಡು ಅಕ್ಷರ, ಅದರ ಜೊತೆಗೆ ಅರ್ಧ 6, ಕರಗಿ ಪಾತ್ರೆಗೆ ಮೆತ್ತಿಕೊಂಡವು. ಲಿವರ್‌ಪೂಲ್ ಬಿಟ್ಟವನು ಚಿಕ್ಕಮ್ಮನ ಪಾತ್ರೆ ಬಿಡಲಿಲ್ಲ. ಬೂದಿ, ಹುಣಸೆಹಣ್ಣು, ತಂತಿ ಬ್ರಷ್ಷು ಎಲ್ಲ ಆಯಿತು. "ಹೋದೋನು ಹೋದ, ಅವನ ಹೆಸರು ಉಜ್ಜೋಳು ನಾನಾ?" ಅಂತ ಚಿಕ್ಕಮ್ಮ ತೊಳೆಯುವ ಕಲ್ಲಿನ ಹತ್ತಿರ ಕೂತು ಕೇಳಿದರು. ಆಮೇಲೆ ಆ ಆಟಗಾರನ ಬಗ್ಗೆ ನಾನು ಕೇಳಿದ ಎಷ್ಟೋ ಚರ್ಚೆಗಳಲ್ಲಿ ಇಷ್ಟು ಖಡಕ್ ಮಾತು ಯಾರೂ ಆಡಲಿಲ್ಲ.

ಚರ್ಚೆ ನಡೆಯುತ್ತಿದ್ದದ್ದು ಚಾಮುಂಡಿ ಎಕ್ಸ್‌ಪ್ರೆಸ್ ರೈಲಿನಲ್ಲಿ. ನಾವೆಲ್ಲ ಪಾಸಿನವರು. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ವಾಪಸ್ ಬರುವ ಜನ. ತಮ್ಮ ಇಳಿಯೋದು ಮಂಡ್ಯ. ಬ್ಯಾಂಕಿನವರು ಒಬ್ಬರಿದ್ದಾರೆ, ಅವರದು ಶ್ರೀರಂಗಪಟ್ಟಣ. ಸಾಫ್ಟ್‌ವೇರ್ ಹುಡುಗಿಯೊಬ್ಬಳು ನನ್ನ ಹಾಗೆ ಮೈಸೂರಿನವಳು. ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತಿರೋದು ಅವಳಿಗೇ. ಅದಕ್ಕೇ ಅವಳು ಕಡಿಮೆ ಮಾತಾಡುತ್ತಾಳೆ.

"ದ್ರೋಹಿ" ಅಂತ ತಮ್ಮ ಶುರು ಮಾಡಿದ. "ಆರು ವರ್ಷದ ಮಗು ಆಗಿದ್ದಾಗಿಂದ ಸಾಕಿದ ಕ್ಲಬ್ಬು."

"350ಕ್ಕಿಂತ ಜಾಸ್ತಿ ಮ್ಯಾಚ್ ಆಡಿದ್ದಾನೆ. ಎರಡು ಲೀಗ್, ಒಂದು ಯುರೋಪಿಯನ್ ಕಪ್ ಗೆಲ್ಲಿಸಿ ಹೋಗಿದ್ದಾನೆ. ಸಾಕಿದ ಖರ್ಚು ಹುಟ್ಟಲಿಲ್ವಾ?" ಅಂದಳು ಹುಡುಗಿ. ಆಮೇಲೆ 2019ರ ಮೇ 7ರ ಆ ಕಾರ್ನರ್ ನೆನಪು ಮಾಡಿದಳು. ಬಾರ್ಸಿಲೋನಾ ಮೊದಲ ಪಂದ್ಯದಲ್ಲಿ 3-0 ಗೆದ್ದು ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ಗೆ ಬಂದಿತ್ತು. ಲಿವರ್‌ಪೂಲ್ ಮೂರು ಗೋಲು ಹೊಡೆದು ಸಮ ಮಾಡಿಯಾಗಿತ್ತು. ಕಾರ್ನರ್ ಸಿಕ್ಕಿದಾಗ ಈ ಹುಡುಗ ಚೆಂಡು ಬಿಟ್ಟು ಅತ್ತ ಹೊರಟವನು ತಟ್ಟನೆ ತಿರುಗಿ ಒದ್ದ. ಬಾರ್ಸಿಲೋನಾದ ಡಿಫೆಂಡರ್‌ಗಳು ಇನ್ನೂ ಎತ್ತಲೋ ನೋಡುತ್ತಿದ್ದರು. ಒರಿಗಿ ಗೋಲು ಹೊಡೆದ. 4-0. ಆಗ ಟ್ರೆಂಟ್‌ಗೆ ಬರೀ 20 ವರ್ಷ.

"ಅದು ಸರಿಯಮ್ಮ. ಡಿಫೆಂಡರ್ ಆದವನಿಗೆ ಡಿಫೆಂಡ್ ಮಾಡೋಕೆ ಬರಬೇಕೋ ಬೇಡ್ವೋ?" ಅಂದರು ಬ್ಯಾಂಕಿನವರು.

ಅದು ಅವನ ಮೇಲಿನ ಹಳೇ ದೂರು. ಮುಂದೆ ಹೋಗಿ ಕೊಡುವ ಪಾಸ್‌ಗಳು ಚಿನ್ನ, ಹಿಂದೆ ಬಿಟ್ಟ ಜಾಗದಲ್ಲಿ ಎದುರಾಳಿ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ನನ್ನನ್ನು ಕೇಳಿದರೆ, ಅವನನ್ನು ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್, ಅಂತ ಕರೆದದ್ದೇ ಅರ್ಧ ಜಗಳಕ್ಕೆ ಕಾರಣ. ಆದರೆ ಆ ಡಬ್ಬಿಯಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ.

ಬ್ಯಾಂಕಿನವರ ದೇವರು ಲಿವರ್‌ಪೂಲ್‌ನ ಹಳೇ ಡಿಫೆಂಡರ್ ಜೇಮಿ ಕ್ಯಾರಗರ್. 737 ಪಂದ್ಯ, ಬೇರೆ ಕ್ಲಬ್ಬಿನ ಅಂಗಿ ಹಾಕಲಿಲ್ಲ. 2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಕಾಲು ಹಿಡಿದುಕೊಂಡರೂ ಬಿದ್ದು ಎದ್ದು ತಡೆದ. ಅದನ್ನು ಹೇಳುವಾಗ ಅವರು ತಮ್ಮ ಮೀನಖಂಡವನ್ನೇ ಒತ್ತಿಕೊಳ್ಳುತ್ತಾರೆ. ಹುಡುಗಿ ಮೊಬೈಲಿನಿಂದ ತಲೆ ಎತ್ತದೆ, "ಕ್ಯಾರಗರ್ ಚಿಕ್ಕವನಿದ್ದಾಗ ಎವರ್ಟನ್ ಫ್ಯಾನ್" ಅಂದಳು. ಎವರ್ಟನ್ ಅಂದರೆ ಅದೇ ಊರಿನ ಪಕ್ಕಾ ಎದುರಾಳಿ. ಬ್ಯಾಂಕಿನವರು ಕೈಯಲ್ಲಿದ್ದ ಮದ್ದೂರು ವಡೆಯನ್ನು ಪೇಪರಿನಲ್ಲಿ ವಾಪಸ್ ಸುತ್ತಿಟ್ಟರು.

ಅಷ್ಟು ಬೇಗ ಸೋಲುವವರಲ್ಲ ಅವರು. ಫಿಲ್ ನೀಲ್ ಹೆಸರು ತೆಗೆದರು. ಅವನೂ ಲಿವರ್‌ಪೂಲ್‌ನ ರೈಟ್ ಬ್ಯಾಕ್. 1974ರಲ್ಲಿ ನಾರ್ಥಾಂಪ್ಟನ್‌ನಿಂದ ಬಂದವನು. 1977, 78, 81, 84ರ ನಾಲ್ಕೂ ಯುರೋಪಿಯನ್ ಕಪ್ ಫೈನಲ್ ಗೆದ್ದ ತಂಡದಲ್ಲಿ ಆಡಿದವನು ಅವನೊಬ್ಬನೇ. ರೋಮ್‌ನಲ್ಲಿ ನಡೆದ ಎರಡು ಫೈನಲ್‌ಗಳಲ್ಲಿ ಗೋಲು ಬೇರೆ ಹೊಡೆದ. "ಒಂದರ ಹಿಂದೊಂದು 417 ಪಂದ್ಯ! ಒಂದು ರಜೆ ಇಲ್ಲ. ನಮ್ಮ ಬ್ರಾಂಚಿನಲ್ಲಿ ಮಳೆ ಹನಿ ಬಿದ್ದರೆ ಮೂರು ಜನ ಬರಲ್ಲ" ಅಂದರು. ರಜೆಯ ಮಾತು ಬಂದದ್ದೇ ತಡ, ಪಕ್ಕದ ಸೀಟಿನವರು, ನಿಂತವರು, ಫುಟ್‌ಬಾಲ್ ಚೆಂಡನ್ನೇ ಮುಟ್ಟದವರು ಎಲ್ಲ ಸೇರಿಕೊಂಡರು. ತಮ್ಮ ಎದ್ದು ನಿಂತು, ಲಿವರ್‌ಪೂಲ್‌ನವನೇ ಆದ ಮ್ಯಾಕ್‌ಮ್ಯಾನಮನ್ 1999ರಲ್ಲೇ ಪುಕ್ಕಟೆ ಮ್ಯಾಡ್ರಿಡ್‌ಗೆ ಹೋದದ್ದು, ಇನ್ನೊಬ್ಬ ಲಿವರ್‌ಪೂಲ್ ಆಟಗಾರ ಮೈಕಲ್ ಓವನ್ 2004ರಲ್ಲಿ ಅಲ್ಲಿಗೇ ಹೋಗಿ, ಮಾರನೇ ವರ್ಷ ಇವರು ಇಸ್ತಾಂಬುಲ್‌ನಲ್ಲಿ ಕಪ್ ಎತ್ತುವಾಗ ಜೊತೆಗಿಲ್ಲದೆ ಹೋದದ್ದು, ಎಲ್ಲದರ ಲೆಕ್ಕ ಒಪ್ಪಿಸಿದ. ಮಂಡ್ಯ ಬಂತು. ನಿಂತಿತು. ಹೋಯಿತು.

ಪಾಂಡವಪುರದಲ್ಲಿ ಇಳಿದಾಗ ಅವನಿಗೆ ಫೋನು.

"ಎಲ್ಲಿದ್ದೀಯಲಾ?"

"ಪಾಂಡವಪುರ ಕಣಪ್ಪ."

"ಅಲ್ಲೇನಲಾ ಕೆಲಸ?"

"ಫಿಲ್ ನೀಲ್ ವಿಷಯ ಬಂತು..."

"ಹಂಗಾರೆ ಅವನ ಮನೇಲೇ ಉಂಡು ಮಲಿಕ್ಕೊ" ಅಂತ ಚಿಕ್ಕಪ್ಪ ಇಟ್ಟರು.

ಮುಂದಿನ ಭಾನುವಾರ ನಾನು ಹೋದಾಗ ಚಿಕ್ಕಪ್ಪ ಮಗನನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದ್ದರು. ಅವರಿಗೆ ಫುಟ್‌ಬಾಲ್ ಗೊತ್ತಿಲ್ಲ, ವ್ಯವಹಾರ ಗೊತ್ತು.

"ಅವನು ಮಾಡಿದ ತಪ್ಪೇನಲಾ?"

"ಕರಾರು ಮುಗಿಯೋ ತನಕ ಕಾದು ಹೋದ. ಮೊದಲೇ ಮಾರಿದ್ರೆ ಕ್ಲಬ್ಬಿಗೆ ಎಷ್ಟೊಂದು ದುಡ್ಡು ಬರ್ತಿತ್ತು." ಕ್ಲಬ್ ವರ್ಲ್ಡ್ ಕಪ್ ಆಡಿಸೋಕೆ ಕರಾರು ಮುಗಿಯುವ ಸ್ವಲ್ಪ ಮುಂಚೆಯೇ ಬೇಕು ಅಂತ ಮ್ಯಾಡ್ರಿಡ್‌ನವರು ಕೊಟ್ಟದ್ದು ಸುಮಾರು 1 ಕೋಟಿ ಯುರೋ ಅಂತ ಪತ್ರಿಕೆಗಳು ಬರೆದಿದ್ದವು. ಅಂಥ ಆಟಗಾರನಿಗೆ ಅದು ಚಿಲ್ಲರೆ.

"ಕಾರ್ಖಾನೆಗೆ ಒಪ್ಕೊಂಡು, ರಾತ್ರೋರಾತ್ರಿ ಕಬ್ಬು ಕಡಿದು ಆಲೆಮನೆಗೆ ಹಾಕಿದ್ರೆ ತಪ್ಪು. ಕರಾರು ಮುಗಿದ ಮೇಲೆ ಅವನ ಕಬ್ಬು, ಅವನಿಷ್ಟ" ಅಂದರು ಚಿಕ್ಕಪ್ಪ.

"ಆದ್ರೆ ಇಲ್ಲೇ ಕ್ಯಾಪ್ಟನ್ ಆಗಬೇಕು ಅನ್ನೋದೇ ನನ್ನ ಕನಸು ಅಂದಿದ್ದ ಕಣಪ್ಪ."

ಚಿಕ್ಕಪ್ಪ ಬೀಡಿ ಹಚ್ಚೋದು ನಿಲ್ಲಿಸಿದರು. "ಹಂಗಂದಿದ್ನಾ? ಅದು ತಪ್ಪಾಯ್ತು. ಕರಾರಲ್ಲಿ ಇಲ್ದೇ ಇರೋದನ್ನ ಬಾಯಲ್ಲಿ ಯಾಕೆ ಹೇಳ್ಬೇಕಾಗಿತ್ತು?"

ಇದನ್ನು ಹೇಳುವಾಗ ಅವರು ಮಗನ ಮುಖ ನೋಡಲಿಲ್ಲ. ಓದು ಮುಗಿದ ಮೇಲೆ ಗದ್ದೆ ನಾನೇ ನೋಡ್ಕೋತೀನಿ ಅಂತ ಇವನೂ ಅಂದಿದ್ದ. ಈಗ ಪಾಸು ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಓಡುತ್ತಾನೆ. ಹಾಗೆ ನೋಡಿದರೆ ಆ ರೈಲಿನ ಡಬ್ಬಿಯಲ್ಲಿ ಊರಲ್ಲೇ ಇರ್ತೀನಿ ಅಂತ ಯಾರಿಗೂ ಹೇಳದೆ ಬಂದವರು ಎಷ್ಟು ಜನ ಸಿಕ್ಕಾರು? ಬ್ಯಾಂಕಿನವರು ಮೊದಲು ಮಂಡ್ಯದಲ್ಲೇ ಸಹಕಾರ ಸಂಘವೊಂದರಲ್ಲಿದ್ದರು. ಅದನ್ನು ಬಿಟ್ಟದ್ದು ಯಾಕೆ ಅಂತ ಕೇಳಿದರೆ ಕ್ಯಾರಗರ್ ವಿಷಯಕ್ಕೆ ಹೋಗಿಬಿಡುತ್ತಾರೆ.

ನವೆಂಬರ್ 4ಕ್ಕೆ ಟ್ರೆಂಟ್ ಮ್ಯಾಡ್ರಿಡ್ ಜೊತೆ ಆನ್‌ಫೀಲ್ಡ್‌ಗೆ ಬಂದ. ನಮ್ಮ ಕಡೆ ಆಗ 5ನೇ ತಾರೀಕು, ರಾತ್ರಿ ಒಂದೂವರೆ. ನಾನು ಚಿಕ್ಕಮ್ಮನ ಮನೆಯಲ್ಲೇ ಇದ್ದೆ. ಹಜಾರದಲ್ಲಿ ಮೊಬೈಲನ್ನು ಚೊಂಬಿಗೆ ಒರಗಿಸಿ ತಮ್ಮ ಕೂತಿದ್ದ. ತ್ರೀ ಫೇಸ್ ಕರೆಂಟು ಬರೋದು ರಾತ್ರಿಯೇ ಆದ್ದರಿಂದ ಚಿಕ್ಕಪ್ಪನಿಗೂ ಎಚ್ಚರ. ಕಬ್ಬಿಗೆ ನೀರು ಬಿಟ್ಟು ಬಂದು, ಇನ್ನೊಂದು ಪಟ್ಟೆಗೆ ತಿರುಗಿಸೋಕೆ ಇನ್ನೂ ಹೊತ್ತಿದೆ ಅಂತ ಪಕ್ಕದಲ್ಲಿ ಕೂತರು.

ಮ್ಯಾಡ್ರಿಡ್‌ನ ಗೋಲ್‌ಕೀಪರ್ ಕೋರ್ಟ್ವಾ ಹೊಡೆದದ್ದನ್ನೆಲ್ಲ ತಡೆಯುತ್ತಿದ್ದ. 61ನೇ ನಿಮಿಷದಲ್ಲಿ ಮ್ಯಾಕ್ ಅಲಿಸ್ಟರ್ ತಲೆಯಿಂದ ಒಂದನ್ನು ಒಳಗೆ ತಳ್ಳಿದ. ಕೊನೇ ಹತ್ತು ನಿಮಿಷದ ಹೊತ್ತಿಗೆ ಟ್ರೆಂಟ್‌ನನ್ನು ಮೈದಾನಕ್ಕೆ ಇಳಿಸಿದರು. ಇಡೀ ಸ್ಟೇಡಿಯಂ ಬೂ ಅಂತ ಕೂಗಿತು. ಚಿಕ್ಕಮ್ಮನಿಗೆ ಎಚ್ಚರವಾಗಬಾರದು ಅಂತ ತಮ್ಮ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕೂಗಿದ.

"ಇವರೆಲ್ಲ ಅವನ ಊರಿನವರೇನ್ಲಾ?" ಚಿಕ್ಕಪ್ಪ ಕೇಳಿದರು.

"ಹೂಂ ಕಣಪ್ಪ."

"ಇಷ್ಟು ದೂರ ಬಂದವ್ನೆ. ಮುಗಿದ ಮೇಲೆ ಮನೆಗೋಗಿ ಉಂಡು ಹೋಗ್ತಾನಾ?"

ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ಪಕ್ಕದ ಗದ್ದೆಯವರು, ಕೈಯಲ್ಲಿ ಟಾರ್ಚು. ಚಿಕ್ಕಪ್ಪನ ನೀರು ಬದು ಒಡೆದು ಅವರ ಗದ್ದೆಗೆ ನುಗ್ಗಿತ್ತು. ಕೊಯ್ಲಿಗೆ ನಿಂತ ಬತ್ತ. "ಏನಣ್ಣ, ಮಲಗಿಬುಟ್ಟಿದ್ರಾ?" ಅಂತ ಕೂಗಾಡಿದರು.

ತಮ್ಮ ಮೊಬೈಲಿನಿಂದ ಕಣ್ಣು ತೆಗೆಯದೆ, "ಗೆದ್ವಿ ಅಣ್ಣ, 1-0" ಅಂದ. ಅದು ಆಡುವ ಮಾತಲ್ಲ, ಹೊತ್ತೂ ಅಲ್ಲ. ಚಿಕ್ಕಪ್ಪ ಗುದ್ದಲಿ ತಗೊಂಡು ಅವನ ಕೈಗೇ ಕೊಟ್ಟರು.

ಬೆಳಕು ಹರಿಯುವ ತನಕ ಬದು ಕಟ್ಟಿದ್ದಾಯಿತು. ಪಕ್ಕದ ಗದ್ದೆಯ ನೀರು ಬಸಿಯೋಕೆ ಕಾಲುವೆ ತೋಡುವ ಕೆಲಸ ಇನ್ನೂ ಬಾಕಿ ಇತ್ತು. ತಮ್ಮ ಆಫೀಸಿಗೆ ಫೋನ್ ಮಾಡಿ ಜ್ವರ ಅಂದ. ನಾನೊಬ್ಬನೇ ಮಂಡ್ಯದಲ್ಲಿ ರೈಲು ಹತ್ತಿದೆ. ಬ್ಯಾಂಕಿನವರು ಕಿಟಕಿ ಪಕ್ಕ ಕೂತಿದ್ದರು, ಅವರ ಕಣ್ಣೂ ಕೆಂಪಗಿತ್ತು.

"ಎಲ್ಲಿ ನಿಮ್ಮ ತಮ್ಮ?"

"ರಜೆ ಹಾಕಿದ್ದಾನೆ ಸಾರ್."

"ನೋಡಿ," ಅಂದರು, "ಫಿಲ್ ನೀಲ್ ಆಗಿದ್ದಿದ್ರೆ ಹಾಕ್ತಿರಲಿಲ್ಲ."