ಅತ್ತೆಯ ಕೆಂಪು ಲೋಟ

ಚಿಕ್ಕಮಗಳೂರಿನಲ್ಲಿ ಜುಲೈ ತಿಂಗಳ ರಾತ್ರಿ ಕರೆಂಟ್ ಹೋಗುವುದು ಸುದ್ದಿಯಲ್ಲ. ಆ ಕತ್ತಲಲ್ಲಿ ನಾನು ಅತ್ತೆಯ ಗಾಜಿನ ಬೀರುವಿಗೆ ಕೈ ಹಾಕಿದ್ದು ಸುದ್ದಿ. ಹುಡುಕಿದ್ದು ಮೇಣದಬತ್ತಿ, ಸಿಕ್ಕಿದ್ದು ‘ಠಳ್’ ಎಂಬ ಸದ್ದು.

ಬೀರುವಿನಲ್ಲಿ ಆರು ಕೆಂಪು ಗಾಜಿನ ಲೋಟಗಳಿದ್ದವು. ಆಲ್ದೂರಿನ ಕಡೆ ಯಾವುದೋ ದೊರೆ ಬಂಗಲೆ ಖಾಲಿ ಮಾಡುವಾಗ ನಮ್ಮ ಮಾವನವರು ತಂದವು. ಮಾವ ಹೋದ ಮೇಲೆ ಅವನ್ನು ಮುಟ್ಟುವ ಹಕ್ಕು ಅತ್ತೆಗೆ ಮಾತ್ರ. ಆಯುಧ ಪೂಜೆಯ ಹಿಂದಿನ ದಿನ ಅವರೇ ಒರೆಸಿ, ಅವರೇ ಒಳಗಿಟ್ಟು, ಬೀರುವಿನ ಬಾಗಿಲು ಹಾಕುವಾಗ ನನ್ನನ್ನೊಮ್ಮೆ ನೋಡುತ್ತಿದ್ದರು. ಆ ನೋಟದ ಅರ್ಥ ಈಗ ತಿಳಿಯಿತು.

ಪುಣ್ಯಕ್ಕೆ ಅತ್ತೆ ತರೀಕೆರೆಯಲ್ಲಿ, ಚಿಕ್ಕ ಮಗಳ ಬಾಣಂತನದಲ್ಲಿದ್ದರು. ಟಾರ್ಚಿನ ಬೆಳಕಲ್ಲಿ ಕರ್ರಗೆ ಕಂಡ ಚೂರುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ, ಬೆಳಗಾಗುವ ಮುಂಚೆ ಕಸದ ಗಾಡಿಗೆ ಒಪ್ಪಿಸಿದೆ. ಹೆಂಡತಿಗೆ ಹೇಳಿದೆ. ಅವಳು, “ಅಮ್ಮ ಬರೋದು ಇಪ್ಪತ್ತೆಂಟಕ್ಕೆ” ಎಂದಳು. ಅದಕ್ಕಿಂತ ಹೆಚ್ಚಿನ ಬೈಗುಳ ಬೇಕಿರಲಿಲ್ಲ.

ಉಳಿದ ಐದನ್ನು ಫೋಟೋ ತೆಗೆದು ಆನ್‌ಲೈನಿನಲ್ಲಿ ಜೋಡಿ ಹುಡುಕಲು ಕೂತೆ. ಕೆಂಪೆಂದರೆ ಕೆಂಪು ಎಂದುಕೊಂಡವನು ನಾನು. ಫೋನಿನಲ್ಲಿ ಒಂದು ಕುಂಕುಮ, ಇನ್ನೊಂದು ದಾಳಿಂಬೆ, ಮತ್ತೊಂದು ಬೀಟ್‌ರೂಟ್ ಪಲ್ಯದ ತಳ. ನಮ್ಮದೇ ಲೋಟ ಅಡುಗೆಮನೆಯ ಎಲ್‌ಇಡಿ ಬಲ್ಬಿನಡಿ ಕಪ್ಪಿಟ್ಟರೆ, ಜಗಲಿಗೆ ಒಯ್ದಾಗ ಹಣ್ಣಾದ ಕಾಫಿಯಂತೆ ಹೊಳೆಯುತ್ತಿತ್ತು.

ಮೊದಲು ಬಂದ ಲೋಟ ನೋಡಲು ಸೊಗಸಾಗಿತ್ತು. ಪಾತ್ರೆ ಉಜ್ಜುವ ನಾರು ತಗುಲಿದ್ದೇ ತಡ, ಕೆಂಪು ಸಿಂಕಿಗೆ ಹೋಗಿ ಬಿಳಿ ಗಾಜು ಕೈಯಲ್ಲುಳಿಯಿತು. ಎರಡನೆಯದಕ್ಕೆ 1800 ರೂಪಾಯಿ. ಆಕಾರ, ತೂಕ, ಅಂಚು ಎಲ್ಲ ನಮ್ಮದೇ. ಆದರೆ ಬುಡದಲ್ಲಿ ಎರಡು ಬೆರಳಷ್ಟು ಹಳದಿ! ‘ಮಾಲು ಕೆಟ್ಟಿದೆ’ ಎಂದು ಖಾರವಾಗಿ ಬರೆದು ವಾಪಸ್ ಕಳಿಸಿದೆ.

ಈ ಸಂಕಟವನ್ನು ಬಸವನಹಳ್ಳಿಯ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರೊಬ್ಬರ ಮುಂದೆ ತೋಡಿಕೊಂಡೆ. ಅವರು ಐದರಲ್ಲೊಂದನ್ನು ಕಿಟಕಿಗೆ ಹಿಡಿದರು. “ಕೆಂಪು ಗಾಜಿನಲ್ಲೂ ಜಾತಿ ಇದೆ ಕಣ್ರೀ. ಕೆಲವಕ್ಕೆ ಚಿನ್ನ ಹಾಕ್ತಾರೆ, ಕೆಲವಕ್ಕೆ ತಾಮ್ರ...”

“ಚಿನ್ನ?” ನನ್ನ ಹೆಂಡತಿ ಅಡುಗೆಮನೆ ಬಿಟ್ಟು ಬಂದಳು.

“ಆರು ಲೋಟದ್ದು ಸೇರಿಸಿದರೂ ನಿಮ್ಮ ಮೂಗುಬಟ್ಟಿನ ತಿರುಪಿಗೆ ಸಾಲದಮ್ಮ. ಚಿನ್ನದ್ದಾದರೆ ಗುಲಾಬಿ ಕಡೆ ವಾಲುತ್ತೆ. ಇದು ಕಿತ್ತಳೆ ಕಡೆ. ಸೆಲೆನಿಯಂ, ಕ್ಯಾಡ್ಮಿಯಂ ಇರಬೇಕು. ಹಳೇ ರೈಲ್ವೆ ಸಿಗ್ನಲ್ ದೀಪಗಳಿಗೂ ಇದೇ ಥರದ ಗಾಜು ಹಾಕ್ತಿದ್ದರು.” ಅವಳು ಒಳಗೆ ಹೋದಳು.

ಮೇಷ್ಟ್ರು ನಿಲ್ಲಿಸಲಿಲ್ಲ. ಈ ಗಾಜು ಕುಲುಮೆಯಿಂದ ಬರುವಾಗ ಕೆಂಪೇ ಇರುವುದಿಲ್ಲವಂತೆ, ಒಣಹುಲ್ಲಿನ ಹಳದಿ. ಮತ್ತೊಮ್ಮೆ ಕಾಯಿಸಿದಾಗ ಒಳಗಿನ ಸಣ್ಣ ಕಣಗಳು ಬೆಳೆದು ಕೆಂಪೇರುತ್ತದೆ. ಕಾವು ಸಾಲದ ಕಡೆ ಹಳದಿ ಹಾಗೇ ಉಳಿಯುತ್ತದೆ. ಒಂದೇ ದಿನದ, ಒಂದೇ ಕುಲುಮೆಯ ಲೋಟಗಳೂ ಒಂದೊಂದು ಥರ. ಒಂದೇ ರೆಕ್ಕೆಯ ಕಾಫಿ ಹಣ್ಣು ಒಟ್ಟಿಗೆ ಹಣ್ಣಾಗುತ್ತದೆಯೇ? ಅಮೆರಿಕದ ನ್ಯೂ ಇಂಗ್ಲೆಂಡ್ ಗ್ಲಾಸ್ ಕಂಪನಿಯಲ್ಲಿದ್ದ ಜೋಸೆಫ್ ಲಾಕ್ ಎಂಬಾತ ಚಿನ್ನ ಬೆರೆಸಿದ ಗಾಜಿನಲ್ಲಿ ಬೇಕೆಂದೇ ಈ ಅರೆಬರೆ ಬಣ್ಣ ಬರಿಸಿ, ‘ಅಂಬೆರಿನಾ’ ಎಂದು 1883ರಲ್ಲಿ ಪೇಟೆಂಟನ್ನೇ ಪಡೆದನಂತೆ. ಸಂಗ್ರಾಹಕರು ಅದಕ್ಕೆ ಮುಗಿಬೀಳುತ್ತಾರಂತೆ. ಇದನ್ನು ವಾಪಸ್ ಕಳಿಸುವ ಮುಂಚೆ ಹೇಳಬಾರದಿತ್ತೇ ಎನ್ನಿಸಿತು. ಆದರೂ ನಮ್ಮ ಐದರಲ್ಲಿ ಹಳದಿ ಇಲ್ಲವಲ್ಲ, ಸಮಾಧಾನ.

ಇಪ್ಪತ್ತಾರನೇ ತಾರೀಖು ಮೂರನೆಯದು ಬಂತು. ಹಗಲು ಬೆಳಕಿನಲ್ಲಿ ಐದರ ಪಕ್ಕ ಇಟ್ಟೆ. ಬುಡದಿಂದ ಬಾಯಿವರೆಗೆ ಅದೇ ಕೆಂಪು. ಆ ರಾತ್ರಿ ನಿದ್ದೆ ಬಂತು.

ಅತ್ತೆ ಬಂದರು. ಕೈಕಾಲು ತೊಳೆದು, ಕಾಫಿ ಕುಡಿದು, ಬೀರುವಿನ ಮುಂದೆ ನಿಂತರು. ನಿಂತೇ ಇದ್ದರು.

“ನಿಮ್ಮ ಮಾವನವರ ಲೋಟ ಎಲ್ಲಿ?”

ಅತ್ತೆ ನನ್ನನ್ನು ‘ನೀವು’ ಎನ್ನುತ್ತಾರೆ. ಆ ಮರ್ಯಾದೆ ಅಷ್ಟು ಭಾರ ಎಂದು ಅವತ್ತು ಗೊತ್ತಾಯಿತು.

“ಆರೂ ಇದೆಯಲ್ಲ ಅತ್ತೆ...”

“ಬುಡದಲ್ಲಿ ಹಳದಿ ಇದ್ದದ್ದು. ಚಳಿಗಾಲದಲ್ಲಿ ಅವರಿಗೆ ಬ್ರಾಂದಿ ಅದರಲ್ಲೇ. ಹಳದಿ ಮುಳುಗೋವರೆಗೆ ಅಂತ ಲೆಕ್ಕ. ಕೆಂಪಿಗೆ ಒಂದು ತೊಟ್ಟು ಏರೋಕೆ ನಾನು ಬಿಡ್ತಿರಲಿಲ್ಲ.”

ಹೆಂಡತಿ ಗೋಡೆ ನೋಡಿದಳು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಫೋನ್ ತೆಗೆದೆ. ಅದೇ ವ್ಯಾಪಾರಿ, ಅದೇ ಲೋಟ, ಅದೇ ಫೋಟೋ. ‘ಅಪರೂಪದ ಎರಡು ಬಣ್ಣದ ಗಾಜು. 4500 ರೂಪಾಯಿ. ವಾಪಸ್ ತೆಗೆದುಕೊಳ್ಳುವುದಿಲ್ಲ.’